ಪಾಲಾಗದ ಜೋಡೆತ್ತು: ಉಚ್ಚಾಟನೆ ಕೋರ್ಟಿಗೆ ಹೋದಾಗ ಆಗುವುದೇನು?

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಹೋಬಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಕಾಗದದ ಫೋಟೊ ತಪ್ಪದೆ ಓಡಾಡುತ್ತದೆ. ಮೇಲೆ ಪಕ್ಷದ ಲೆಟರ್‌ಹೆಡ್, ಕೆಳಗೆ ಒಂದು ಸಹಿ, ನಡುವೆ ಮೂರು ನಾಲ್ಕು ಸಾಲು. ಪಕ್ಷ ವಿರೋಧಿ ಚಟುವಟಿಕೆ ನಡೆಸಿದ್ದರಿಂದ ಇಂಥವರನ್ನು ಆರು ವರ್ಷ ಪ್ರಾಥಮಿಕ ಸದಸ್ಯತ್ವದಿಂದ ಉಚ್ಚಾಟಿಸಲಾಗಿದೆ ಎಂದು ಅದರ ಒಕ್ಕಣೆ.

ಕಾಗದದಲ್ಲಿ ಹೆಸರಿರುವವರು ಬಹಳ ಸಲ ದೊಡ್ಡವರೇನಲ್ಲ. ಇಪ್ಪತ್ತು ವರ್ಷ ಬಾವುಟ ಕಟ್ಟಿದವರು, ಬೂತ್‌ನಲ್ಲಿ ಕೂತವರು, ಸಮಾವೇಶಕ್ಕೆ ಟ್ರ್ಯಾಕ್ಟರ್ ಕಳಿಸಿದವರು. ಏನು ತಪ್ಪು ಮಾಡಿದೆನೆಂದು ಅವರನ್ನು ಯಾರೂ ಕೇಳಿರುವುದಿಲ್ಲ. ಎಷ್ಟೋ ಜನಕ್ಕೆ ವಿಷಯ ಗೊತ್ತಾಗುವುದೇ ಫೋನಿನಿಂದ. ಆಗ ಅವರು ನಮ್ಮಂಥ ವರದಿಗಾರರನ್ನು ಕೇಳುವ ಪ್ರಶ್ನೆ ಒಂದೇ: 'ಕೋರ್ಟಿಗೆ ಹೋದರೆ ಆಗುತ್ತದಾ?'

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ನಮಗೆ ಆಗಲಿಲ್ಲ. ಹಿಂದೆ ಇಂಥ ಜಗಳಗಳು ಕೋರ್ಟಿಗೆ ಹೋದಾಗ ಏನಾಯಿತೆಂದು ನೋಡುತ್ತಾ ಹೋದೆವು. ಈ ದೇಶದ ಅತಿ ದೊಡ್ಡ ಉಚ್ಚಾಟನೆ ನಡೆದಾಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ, ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ. ಉಚ್ಚಾಟನೆಯಾದವರು ಪ್ರಧಾನ ಮಂತ್ರಿ. ಅಲ್ಲಿಂದಲೇ ಶುರು ಮಾಡೋಣ.

ಲಾಲ್‌ಬಾಗಿನ ಗಾಜಿನ ಮನೆ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆ ಕಾಂಗ್ರೆಸ್ಸಿನಲ್ಲಿ ಆಗಲೇ ಹೊಗೆಯಾಡುತ್ತಿದ್ದ ಜಗಳಕ್ಕೆ ಗಾಳಿ ಹಾಕಿತು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ, ಇನ್ನೊಂದು ಕಡೆ ಪಕ್ಷದ ಹಿರಿಯರು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪ 1968ರಲ್ಲಿ ಆ ಸ್ಥಾನ ಬಿಟ್ಟು ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿ ದೆಹಲಿ ಸೇರಿದ್ದರು. ಇಲ್ಲಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ.

ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಅದೇ ಹೊತ್ತಿನಲ್ಲಿ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು. ಇಂದಿರಾ ಅವರಿಗೆ ಆ ಆಯ್ಕೆ ಒಪ್ಪಿಗೆ ಇರಲಿಲ್ಲ. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರು ಸಹಿ ಹಾಕಿದ್ದರು.

ದೆಹಲಿಗೆ ಮರಳಿದ ಮೇಲೆ ಆಟ ಬದಲಾಯಿತು. ಜುಲೈ 16ರಂದು ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ವಿ.ವಿ. ಗಿರಿ ಪಕ್ಷೇತರರಾಗಿ ಕಣಕ್ಕಿಳಿದರು. ರೆಡ್ಡಿಯವರಿಗೆ ಬೇರೆ ಪಕ್ಷಗಳ ಮತ ತರಲು ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದರು. ಇದನ್ನೇ ಹಿಡಿದುಕೊಂಡ ಇಂದಿರಾ ಬಣ, ಸಂಸದರೂ ಶಾಸಕರೂ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದಿತು. ಆಗಸ್ಟ್‌ನಲ್ಲಿ ಗಿರಿ ಗೆದ್ದರು. ಪಕ್ಷದ ಅಧಿಕೃತ ಅಭ್ಯರ್ಥಿ ಪಕ್ಷದವರಿಂದಲೇ ಸೋತರು.

ಶಿಸ್ತಿನ ಲೆಕ್ಕದಲ್ಲಿ ನೋಡಿದರೆ ನಿಜಲಿಂಗಪ್ಪನವರ ವಾದದಲ್ಲಿ ಹುರುಳಿತ್ತು. ಪಕ್ಷ ಆರಿಸಿದ ಅಭ್ಯರ್ಥಿಯನ್ನು ಪಕ್ಷದ ಪ್ರಧಾನಿಯೇ ಸೋಲಿಸಿದರೆ ಅದನ್ನು ಇನ್ನೇನೆಂದು ಕರೆಯಬೇಕು? ಇನ್ನೊಂದು ಕಡೆಯ ವಾದದಲ್ಲೂ ಹುರುಳಿತ್ತು. ಪಕ್ಷದ ಕಚೇರಿಯಲ್ಲಿ ಕೂತ ನಾಲ್ಕು ಜನ ದೇಶದ ಸರ್ಕಾರವನ್ನು ಆಡಿಸಬಹುದೇ?

1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾರ್ಯಕಾರಿ ಸಮಿತಿ ಇಂದಿರಾ ಗಾಂಧಿಯವರನ್ನು ಪ್ರಾಥಮಿಕ ಸದಸ್ಯತ್ವದಿಂದ ಉಚ್ಚಾಟಿಸಿತು. ಸಂಸದೀಯ ಪಕ್ಷ ಹೊಸ ನಾಯಕನನ್ನು ಆರಿಸಬೇಕು ಎಂದೂ ಹೇಳಿತು. ಆದರೆ ಸಂಸದರಲ್ಲಿ ಹೆಚ್ಚಿನವರು ಇಂದಿರಾ ಜೊತೆಗೇ ನಿಂತರು. ಹತ್ತು ದಿನ ಕಳೆಯಿತು. ಇಂದಿರಾ ಬಣದವರು ದೆಹಲಿಯಲ್ಲಿ ತಮ್ಮದೇ ಎಐಸಿಸಿ ಸಭೆ ಕರೆದು ನಿಜಲಿಂಗಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದುಹಾಕಿದರು. ಅಧ್ಯಕ್ಷರು ಪ್ರಧಾನಿಯನ್ನು ಹೊರಹಾಕಿದರು, ಪ್ರಧಾನಿಯ ಕಡೆಯವರು ಅಧ್ಯಕ್ಷರನ್ನು ಹೊರಹಾಕಿದರು. ಒಂದೇ ಮನೆಗೆ ಎರಡು ಬೀಗ ಬಿದ್ದವು.

ಎತ್ತು ಯಾರಿಗೆ?

ಜಗಳ ಕೋರ್ಟಿಗೆ ಹೋದದ್ದು ಉಚ್ಚಾಟನೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಹಿಡಿದಲ್ಲ. ಹೋದದ್ದು ಎತ್ತಿಗಾಗಿ.

ಮೊದಲ ಚುನಾವಣೆಯಿಂದಲೂ ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಓದು ಬಾರದ ಕೋಟ್ಯಂತರ ಜನಕ್ಕೆ ಪಕ್ಷವೆಂದರೆ ಆ ಚಿತ್ರವೇ. ನಮ್ಮ ಅಜ್ಜಿ ತಾತಂದಿರಲ್ಲಿ ಎಷ್ಟೋ ಜನ 'ಎತ್ತಿಗೆ ಒತ್ತಿದೆ' ಎನ್ನುತ್ತಿದ್ದರೇ ಹೊರತು ಅಭ್ಯರ್ಥಿಯ ಹೆಸರು ಹೇಳುತ್ತಿರಲಿಲ್ಲ. ಹಾಗಾಗಿ ಎತ್ತು ಸಿಕ್ಕವರಿಗೆ ಪಕ್ಷವೂ ಸಿಕ್ಕಂತೆ.

ಚುನಾವಣಾ ಆಯೋಗದ 1968ರ ಚಿಹ್ನೆಗಳ ಆದೇಶದಲ್ಲಿ 15ನೇ ಪ್ಯಾರಾ ಅಂತ ಒಂದಿದೆ. ಒಂದು ಪಕ್ಷದಲ್ಲಿ ಎರಡು ಬಣಗಳಾಗಿ, ಎರಡೂ ತಾವೇ ನಿಜವಾದ ಪಕ್ಷ ಎಂದರೆ, ಅದನ್ನು ತೀರ್ಮಾನಿಸುವ ಅಧಿಕಾರ ಆಯೋಗದ್ದು. ಎರಡೂ ಬಣಗಳ ವಾದ ಕೇಳಿದ ಮುಖ್ಯ ಚುನಾವಣಾ ಆಯುಕ್ತ ಎಸ್.ಪಿ. ಸೇನ್ ವರ್ಮಾ 1971ರ ಜನವರಿಯಲ್ಲಿ ಜಗಜೀವನ್ ರಾಮ್ ಅಧ್ಯಕ್ಷತೆಯ ಇಂದಿರಾ ಬಣವೇ ಕಾಂಗ್ರೆಸ್ ಎಂದರು. ನಿಜಲಿಂಗಪ್ಪನವರ ಬಣದ ಪರವಾಗಿ ಸಾದಿಕ್ ಅಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದರು.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ವ್ಯಾಜ್ಯ ಮುಗಿಯದ ಕಾರಣ ಎತ್ತು ಯಾರಿಗೂ ಸಿಗಲಿಲ್ಲ. ಇಂದಿರಾ ಬಣಕ್ಕೆ ಹಸು ಮತ್ತು ಕರು, ನಿಜಲಿಂಗಪ್ಪ ಬಣಕ್ಕೆ ಚರಕದಲ್ಲಿ ನೂಲುವ ಹೆಂಗಸು. 1971ರ ಮಾರ್ಚ್‌ನಲ್ಲಿ ಮತ ಎಣಿಕೆಯಾದಾಗ ಹಸು-ಕರುವಿಗೆ 352 ಸ್ಥಾನ, ಚರಕಕ್ಕೆ 16. ನಿಜಲಿಂಗಪ್ಪನವರ ತವರು ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಬಣವೇ ಗೆದ್ದಿತು. ವೀರೇಂದ್ರ ಪಾಟೀಲರ ಸರ್ಕಾರ ಅದರ ಬೆನ್ನಿಗೇ ಬಿತ್ತು.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1971ರ ನವೆಂಬರ್ 11ರಂದು. ಉಚ್ಚಾಟನೆಗೆ ಎರಡು ವರ್ಷ ತುಂಬಲು ಒಂದೇ ದಿನ ಬಾಕಿ ಇತ್ತು. ಜನ ಆಗಲೇ ತೀರ್ಮಾನಿಸಿ ಎಂಟು ತಿಂಗಳಾಗಿತ್ತು.

ತೀರ್ಪಿನಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು ರೈತನಿಗೆ ಥಟ್ಟನೆ ತಿಳಿಯುವಂಥದು. ಚುನಾವಣಾ ಗುರುತು ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳುವ ಆಸ್ತಿಯಲ್ಲ ಎಂದಿತು ಕೋರ್ಟು. ಹೊಲವನ್ನು ಬದು ಹಾಕಿ ಹಂಚಬಹುದು. ಜೋಡೆತ್ತಿನಲ್ಲಿ ಒಂದನ್ನು ಅವನಿಗೆ, ಒಂದನ್ನು ಇವನಿಗೆ ಎಂದು ಕೊಡಲಾಗುವುದಿಲ್ಲ. ಇಡಿಯಾಗಿ ಒಬ್ಬರಿಗೇ ಹೋಗಬೇಕು.

ಎರಡನೆಯದು, ಆ ಒಬ್ಬರು ಯಾರು ಎಂದು ತಿಳಿಯುವ ಬಗೆ. ಪಕ್ಷದ ನಿಯಮಾವಳಿ ಹಿಡಿದು ನೋಡೋಣವೆಂದರೆ ಎರಡೂ ಬಣಗಳು ಒಬ್ಬರನ್ನೊಬ್ಬರು ತೆಗೆದುಹಾಕಿದ್ದವು. ಪಕ್ಷದ ಗುರಿ, ಉದ್ದೇಶ ನೋಡೋಣವೆಂದರೆ ಎರಡೂ ಅದೇ ಗುರಿಯ ಹೆಸರು ಹೇಳುತ್ತಿದ್ದವು. ಉಳಿದದ್ದು ತಲೆ ಎಣಿಕೆ. ಸಂಸದರು, ಶಾಸಕರು, ಎಐಸಿಸಿಯ ಪ್ರತಿನಿಧಿಗಳಲ್ಲಿ ಹೆಚ್ಚು ಜನ ಯಾರ ಕಡೆ ಇದ್ದಾರೆ? ಪ್ರಜಾಪ್ರಭುತ್ವದಲ್ಲಿ ಬಹುಮತದ ಅಳತೆಗೆ ಬೆಲೆಯಿದೆ ಎಂದು ಕೋರ್ಟು ಆಯೋಗದ ತೀರ್ಮಾನವನ್ನು ಎತ್ತಿಹಿಡಿಯಿತು.

ಪ್ರಧಾನಿಯನ್ನು ಉಚ್ಚಾಟಿಸಿದ್ದು ನ್ಯಾಯವೇ, ಅಭ್ಯರ್ಥಿಯನ್ನು ಸೋಲಿಸಿದ್ದು ಶಿಸ್ತು ಮುರಿದಂತೆಯೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಪಕ್ಷದ ಕಡತಗಳಲ್ಲಿ ನಾಲ್ಕಾಣೆ ಸದಸ್ಯ ಎಂದು ಕರೆಸಿಕೊಳ್ಳುತ್ತಿದ್ದ ಹಳ್ಳಿಯ ಕಾರ್ಯಕರ್ತ ಯಾರ ಕಡೆ ಇದ್ದಾನೆ ಎಂಬುದೂ ಈ ಎಣಿಕೆಯಲ್ಲಿ ನಿರ್ಣಾಯಕವಾಗಲಿಲ್ಲ. ಗೆದ್ದವರೂ ಹಸು-ಕರುವಿನ ಜೊತೆಗೇ ಮುಂದೆ ಹೋದರು. ಜೋಡೆತ್ತು ಮತ್ತೆ ಕಾಂಗ್ರೆಸ್ಸಿನ ಗುರುತಾಗಿ ಮತಪತ್ರದಲ್ಲಿ ಕಾಣಲಿಲ್ಲ.

ಇದು ಹಳೇ ಕತೆ ಎನ್ನಬೇಡಿ. 2023ರ ಫೆಬ್ರವರಿಯಲ್ಲಿ ಶಿವಸೇನೆಯ ಹೆಸರು ಮತ್ತು ಬಿಲ್ಲು-ಬಾಣವನ್ನು ಏಕನಾಥ್ ಶಿಂದೆ ಬಣಕ್ಕೆ ಕೊಡುವಾಗಲೂ ಆಯೋಗ ಹಿಡಿದದ್ದು ಇದೇ ಸಾದಿಕ್ ಅಲಿ ಪ್ರಕರಣದ ಅಳತೆಗೋಲನ್ನು.

ಅರಸರ ಸರದಿ

ಮೈಸೂರು ರಾಜ್ಯದಲ್ಲಿ ಇಂದಿರಾ ಬಣವನ್ನು ಕಟ್ಟಿದವರು ಡಿ. ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದರು. 1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಒಡೆದಾಗಲೂ ಇಂದಿರಾ ಜೊತೆ ನಿಂತರು. ಆ ಫೆಬ್ರವರಿಯಲ್ಲಿ ಕೈ ಗುರುತಿನಲ್ಲಿ ಚುನಾವಣೆ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಮರುವರ್ಷ, 1979ರ ಜೂನ್‌ನಲ್ಲಿ, ಅದೇ ಪಕ್ಷ ಅರಸರನ್ನು ಉಚ್ಚಾಟಿಸಿತು.

ಆದರೂ ಅವರ ಕುರ್ಚಿ ಅಲ್ಲಾಡಲಿಲ್ಲ, ಏಕೆಂದರೆ ಶಾಸಕರು ಅವರ ಜೊತೆಗಿದ್ದರು. ಉಚ್ಚಾಟಿತ ಮುಖ್ಯಮಂತ್ರಿ ವಿಧಾನಸೌಧದಲ್ಲಿ ಆರು ತಿಂಗಳು ರಾಜ್ಯಭಾರ ಮಾಡಿದರು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 27 ಸ್ಥಾನ ಗೆದ್ದಿತು. ಗಾಳಿ ತಿರುಗಿದ್ದನ್ನು ಕಂಡ ಶಾಸಕರೂ ತಿರುಗಿದರು. ಅರಸರು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು.

ಆ ಕಾಲದಲ್ಲಿ ಉಚ್ಚಾಟನೆಯಿಂದ ಯಾರ ಶಾಸಕ ಸ್ಥಾನವೂ ಹೋಗುತ್ತಿರಲಿಲ್ಲ. ಪಕ್ಷ ಬಿಟ್ಟು ಹಾರಿದವರ ಸ್ಥಾನವೂ ಹೋಗುತ್ತಿರಲಿಲ್ಲ. ತಡೆಯುವ ಕಾನೂನೇ ಇರಲಿಲ್ಲ.

ಪಕ್ಷದಲ್ಲೂ ಇಲ್ಲ, ಹೊರಗೂ ಇಲ್ಲ

ಕಾನೂನು ಬಂದದ್ದು 1985ರಲ್ಲಿ. ಸಂವಿಧಾನಕ್ಕೆ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಸೇರಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಎಂದು ಕರೆಯುವುದು ಇದನ್ನೇ. ಒಂದು ಪಕ್ಷದಿಂದ ಗೆದ್ದವರು ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಟ್ಟರೆ, ಅಥವಾ ಸದನದಲ್ಲಿ ವಿಪ್ ಮೀರಿ ಮತ ಹಾಕಿ ಪಕ್ಷ ಅದನ್ನು ಮನ್ನಿಸದಿದ್ದರೆ, ಸ್ಥಾನ ಹೋಗುತ್ತದೆ. ತೀರ್ಮಾನಿಸುವವರು ಸ್ಪೀಕರ್ ಅಥವಾ ಸಭಾಪತಿ.

ಈ ಕಾಯ್ದೆಯಲ್ಲಿ ಒಂದು ಸಂದು ಉಳಿಯಿತು. ತಾನಾಗಿ ಬಿಟ್ಟವರ ಬಗ್ಗೆ ಮಾತಿದೆ, ಪಕ್ಷವೇ ಹೊರಗೆ ಹಾಕಿದವರ ಬಗ್ಗೆ ಇಲ್ಲ. ಮನೆಯಿಂದ ಹೊರಗೆ ಹಾಕಿಸಿಕೊಂಡವನು ಇನ್ನೂ ಆ ಮನೆಯವನೇ?

1994ರಲ್ಲಿ ತಮಿಳುನಾಡಿನ ಅಣ್ಣಾ ಡಿಎಂಕೆ ಪಕ್ಷ ಇಬ್ಬರು ಶಾಸಕರನ್ನು ಉಚ್ಚಾಟಿಸಿತು. ಸದನದಲ್ಲಿ ಅವರನ್ನು ಯಾವ ಪಕ್ಷಕ್ಕೂ ಸೇರದವರೆಂದು ಕೂರಿಸಿದರು. ಬೇರೆ ಪಕ್ಷ ಸೇರಿದರೆಂಬ ಕಾರಣಕ್ಕೆ ಮುಂದೆ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. ನಮ್ಮನ್ನು ಹೊರಹಾಕಿದ್ದು ನೀವೇ, ಇನ್ನು ಯಾವ ಪಕ್ಷ ಸೇರಿದರೆ ನಿಮಗೇನು ಎಂಬುದು ಅವರ ವಾದ. ಜಿ. ವಿಶ್ವನಾಥನ್ ಪ್ರಕರಣವೆಂದು ಹೆಸರಾದ ಇದರಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಉಚ್ಚಾಟನೆಯಾದರೂ ಯಾವ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದರೋ ಕಾನೂನಿನ ಲೆಕ್ಕಕ್ಕೆ ಅದೇ ಪಕ್ಷದವರು, ಬೇರೆ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆ ಎಂದಿತು.

ಇದರಿಂದ ಉಚ್ಚಾಟಿತ ಶಾಸಕನ ಸ್ಥಿತಿ ವಿಚಿತ್ರವಾಯಿತು. ಪಕ್ಷದ ಸಭೆಗೆ ಪ್ರವೇಶವಿಲ್ಲ, ಬೇರೆ ಪಕ್ಷಕ್ಕೆ ಹೋಗುವಂತಿಲ್ಲ. 2010ರಲ್ಲಿ ಸಮಾಜವಾದಿ ಪಕ್ಷದಿಂದ ಉಚ್ಚಾಟನೆಯಾದ ಅಮರ್ ಸಿಂಗ್ ಮತ್ತು ಜಯಪ್ರದಾ ಈ ತೀರ್ಪನ್ನೇ ಮರುಪರಿಶೀಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಪ್ರಶ್ನೆ ದೊಡ್ಡ ಪೀಠಕ್ಕೆ ಹೋಯಿತು. ಆ ಪೀಠ 2016ರಲ್ಲಿ, ಅರ್ಜಿದಾರರ ಅವಧಿಯೇ ಮುಗಿದಿದೆ ಎಂದು ಉತ್ತರ ಕೊಡದೆ ಕೈಬಿಟ್ಟಿತು.

ಮೂರು ದಿನದ ನೋಟಿಸು

ಕರ್ನಾಟಕದವರಿಗೆ ಚೆನ್ನಾಗಿ ನೆನಪಿರುವುದು 2010ರ ಅಕ್ಟೋಬರ್. ಬಿಜೆಪಿಯ 11 ಶಾಸಕರೂ ಐವರು ಪಕ್ಷೇತರರೂ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಗೆ ಬೆಂಬಲವಿಲ್ಲ ಎಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಸ್ಪೀಕರ್ ಕೆ.ಜಿ. ಬೋಪಯ್ಯ ಅಕ್ಟೋಬರ್ 7ರಂದು ನೋಟಿಸು ಕೊಟ್ಟು, 10ರ ಸಂಜೆಯೊಳಗೆ ಉತ್ತರಿಸಿ ಎಂದರು. ವಿಶ್ವಾಸಮತಕ್ಕೆ ಒಂದು ದಿನ ಮುಂಚೆ 16 ಜನರೂ ಅನರ್ಹರಾದರು.

ಬಿಜೆಪಿಯ 11 ಜನರ ಅನರ್ಹತೆಯನ್ನು ಹೈಕೋರ್ಟು ಎತ್ತಿಹಿಡಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಏಳು ದಿನದ ಕಾಲಾವಕಾಶ ನಿಯಮದಲ್ಲಿರುವಾಗ ಮೂರು ದಿನ ಕೊಟ್ಟದ್ದು ಯಾಕೆ, ಇಷ್ಟು ಅವಸರ ಯಾಕೆ ಎಂದು ಕೇಳಿತು. ಮುಖ್ಯಮಂತ್ರಿ ಬೇಡ ಎಂದ ಮಾತ್ರಕ್ಕೆ ಪಕ್ಷ ಬಿಟ್ಟಂತೆ ಆಗುವುದಿಲ್ಲ ಎಂದೂ ಹೇಳಿತು.

2019ರಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. ರಾಜೀನಾಮೆ ಕೊಟ್ಟು ಮುಂಬೈ ಸೇರಿದ್ದವರೂ ಸೇರಿ 17 ಶಾಸಕರನ್ನು ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ಅದೇ ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಒಪ್ಪಿತು, ಅವಧಿಯ ನಿರ್ಬಂಧವನ್ನು ಕಿತ್ತುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅನರ್ಹರಾದ ಹೆಚ್ಚಿನವರು ಬಿಜೆಪಿ ಅಭ್ಯರ್ಥಿಗಳಾಗಿ ನಿಂತರು. 15 ಸ್ಥಾನಗಳಲ್ಲಿ 12ನ್ನು ಆ ಪಕ್ಷ ಗೆದ್ದಿತು.

ಈ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಕಂಡದ್ದು ಇಷ್ಟು. ಯಾರು ಪಕ್ಷನಿಷ್ಠರು, ಯಾರು ದ್ರೋಹಿಗಳು ಎಂದು ಕೋರ್ಟು ತೂಗಲು ಹೋಗುವುದಿಲ್ಲ. ಅದು ಕೇಳುವುದು ನಿಯಮ ಏನು, ಅದನ್ನು ಪಾಲಿಸಿದರೇ, ಲೆಕ್ಕ ಯಾರ ಕಡೆ ಎಂದು. ಉಳಿದದ್ದನ್ನು ಮತದಾರನಿಗೆ ಬಿಡುತ್ತದೆ. ಬಹಳ ಸಲ ಕೋರ್ಟು ಹೇಳುವ ಮೊದಲೇ ಮತದಾರ ಹೇಳಿ ಮುಗಿಸಿರುತ್ತಾನೆ.

ಹಾಗಾದರೆ ನಮ್ಮೂರಿನ ಕಾರ್ಯಕರ್ತ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಕುರ್ಚಿ ಇದ್ದವರ ಕತೆ. ಕುರ್ಚಿಯೇ ಇಲ್ಲದ ಸಾಮಾನ್ಯ ಸದಸ್ಯನಿಗೆ ದಾರಿ ತೋರಿಸುವ ಪ್ರಕರಣ ಪಕ್ಷದ್ದಲ್ಲ, ಬೆಳಗಾವಿಯ ಒಂದು ಕ್ಲಬ್ಬಿನದು. ಲಾಡ್ಜ್ ವಿಕ್ಟೋರಿಯಾ ಎಂಬ ಫ್ರೀಮೇಸನ್ ಸಂಘ ತನ್ನ ಸದಸ್ಯರೊಬ್ಬರನ್ನು ಹೊರಹಾಕಿತು. ಆ ಸದಸ್ಯರು ಸುಪ್ರೀಂ ಕೋರ್ಟಿನವರೆಗೂ ಹೋದರು. 1962ರಲ್ಲಿ ಅವರು ಸೋತರು. ಆದರೆ ಆ ತೀರ್ಪು ಹಾಕಿದ ಸೂತ್ರವನ್ನು ಸಂಘಗಳ ಸದಸ್ಯತ್ವದ ಜಗಳಗಳಲ್ಲಿ ಈಗಲೂ ಹಿಡಿಯುತ್ತಾರೆ.

ಸಂಘಕ್ಕೆ ಸೇರುವಾಗ ಅದರ ನಿಯಮಗಳಿಗೆ ಒಪ್ಪಿಯೇ ಸೇರುತ್ತೇವೆ. ಅದೊಂದು ಕರಾರು. ಹಾಗಾಗಿ ಸಂಘದ ತೀರ್ಮಾನದ ಮೇಲೆ ಕೋರ್ಟು ಮೇಲ್ಮನವಿ ಕೇಳುವಂತೆ ಕೂರುವುದಿಲ್ಲ. ಮೂರು ವಿಷಯ ನೋಡುತ್ತದೆ. ಹೊರಹಾಕಿದವರಿಗೆ ನಿಯಮದ ಪ್ರಕಾರ ಆ ಅಧಿಕಾರ ಇತ್ತೇ? ಆರೋಪ ತಿಳಿಸಿ ಉತ್ತರಿಸಲು ಅವಕಾಶ ಕೊಟ್ಟರೇ? ಮಾಡಿದ್ದು ಪ್ರಾಮಾಣಿಕವಾಗಿಯೋ, ಹಗೆಯಿಂದಲೋ?

ರಾಜಕೀಯ ಪಕ್ಷವೂ ಈ ದೃಷ್ಟಿಯಲ್ಲಿ ಒಂದು ಸಂಘವೇ. ಅದು ಸರ್ಕಾರಿ ಸಂಸ್ಥೆಯಲ್ಲ, ಹಾಗಾಗಿ ಹೈಕೋರ್ಟಿನಲ್ಲಿ ರಿಟ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಿವಿಲ್ ಕೋರ್ಟೇ ದಾರಿ. ಗೆದ್ದರೂ ಸಿಗುವುದು ಸದಸ್ಯತ್ವ ಮಾತ್ರ, ಟಿಕೆಟ್ಟಲ್ಲ.

ಆದ್ದರಿಂದ ಫೋನಿನಲ್ಲಿ ಆ ಕಾಗದ ಬಂದರೆ ಮೊದಲು ವಕೀಲರ ಮನೆಗೆ ಓಡಬೇಡಿ. ನೋಟಿಸು ಕೊಟ್ಟಿದ್ದರೇ, ಯಾವ ದಿನಾಂಕ, ಸಹಿ ಹಾಕಿದವರಿಗೆ ಅಧಿಕಾರ ಇದೆಯೇ ನೋಡಿ. ನೋಂದಾಯಿತ ಪಕ್ಷಗಳ ನಿಯಮಾವಳಿ ಚುನಾವಣಾ ಆಯೋಗದ ಬಳಿ ಇರುತ್ತದೆ. ಅದರಲ್ಲಿ ಮೇಲ್ಮನವಿಗೆ ಸಮಿತಿ ಇದ್ದರೆ ಮೊದಲು ಅಲ್ಲಿಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕಾಗದ ನಿಲ್ಲುತ್ತದೆ.

ನೀವು ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರೆ ಹೆದರಬೇಡಿ. ಆ ಚುನಾವಣೆ ಪಕ್ಷದ ಗುರುತಿನ ಮೇಲೆ ನಡೆಯುವುದಿಲ್ಲ. ಪಕ್ಷ ಉಚ್ಚಾಟಿಸಿದರೂ ನಿಮ್ಮ ಸದಸ್ಯ ಸ್ಥಾನಕ್ಕೆ ಕುತ್ತಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿ, ಪುರಸಭೆಗಳಲ್ಲಿ ಪಕ್ಷದ ಗುರುತಿನಲ್ಲಿ ಗೆದ್ದವರ ಮಾತು ಬೇರೆ. ಅವರಿಗಾಗಿ ನಮ್ಮ ರಾಜ್ಯದಲ್ಲಿ 1987ರ ಪ್ರತ್ಯೇಕ ಪಕ್ಷಾಂತರ ನಿಷೇಧ ಕಾಯ್ದೆಯೇ ಇದೆ. ಅವರು ವಿಪ್ ಕೈಗೆ ಬಂದಾಗ ಓದದೆ ಮಡಚಿಡಬಾರದು.

ನಿಜಲಿಂಗಪ್ಪನವರು 2000ದ ಆಗಸ್ಟ್‌ನಲ್ಲಿ ತೀರಿಕೊಂಡರು. ತಾವು ಉಚ್ಚಾಟಿಸಿದ ಪ್ರಧಾನಿ ಅಧಿಕಾರ ಕಳೆದುಕೊಂಡದ್ದನ್ನೂ, ಮರಳಿ ಪಡೆದದ್ದನ್ನೂ, ಅವರ ಸಾವನ್ನೂ ನೋಡಿದರು. ಪಕ್ಷದ ನಿಯಮ ಹಿಡಿದು ಹೊರಟ ವಕೀಲರು ಎಣಿಕೆಯಲ್ಲಿ ಸೋತಿದ್ದರು. ನಿಮ್ಮ ಮನೆಯಲ್ಲಿ ಎಪ್ಪತ್ತೈದು ದಾಟಿದವರು ಇದ್ದರೆ ಇವತ್ತು ಸಂಜೆ ಕೂತು ಕೇಳಿ ನೋಡಿ: 1971ರಲ್ಲಿ ಎತ್ತು ಕಾಣದೆ ಹೋದಾಗ ನಮ್ಮೂರಿನವರು ಹಸುವಿಗೆ ಒತ್ತಿದ್ದು ಯಾಕೆ? ಯಾವ ತೀರ್ಪಿನಲ್ಲೂ ಬರೆಯದ ಕಾರಣಗಳು ಅವರ ಬಳಿ ಇರುತ್ತವೆ.